ಭೂತವೋ, ಪತ್ತೇದಾರಿಯೋ, ಅಜ್ಜಿ ಕಥೆಯೋ?

ಹೋದ ಭಾನುವಾರ ಬೆಳಿಗ್ಗೆ ಎರಡನೇ ಲೋಟ ಕಾಫಿ ಹಿಡಿದು ಕೂತಿದ್ದೆ. ಅಕ್ಕನ ಮಗನ ಫೋನು.

"ಮಾಮ, ಬ್ಯುಸಿ ಇದೀಯಾ?"

ಈ ಪ್ರಶ್ನೆ ಬಂತು ಅಂದ್ರೆ ಮುಂದೆ ಏನೋ ಕೆಲಸ ಕಾದಿದೆ ಅಂತಲೇ ಅರ್ಥ :)

ಅವನು ಬೆಂಗಳೂರಿನಲ್ಲಿ ಮೀಡಿಯಾ ಕೋರ್ಸು ಮಾಡ್ತಿದಾನೆ. ಕೊನೇ ವರ್ಷ. ಐದು ಜನರ ಗುಂಪು ಸೇರಿ 12 ನಿಮಿಷದ ಸಿನಿಮಾ ಮಾಡಬೇಕು. ಕಾಲೇಜಿನ ಕ್ಯಾಮೆರಾ ಮೂರು ದಿನಕ್ಕೆ ಮಾತ್ರ ಸಿಗುತ್ತೆ. ಐದೂ ಜನ ಸೇರಿ ಹೊಂದಿಸಿರೋ ದುಡ್ಡು 40 ಸಾವಿರ. ಅದರಲ್ಲಿ ಇವನ ಪಾಲು ಅವರಮ್ಮ ಚೀಟಿ ಎತ್ತಿ ಕೊಟ್ಟಿದ್ದು. ಇದೆಲ್ಲ ಸರಿ. ಸಮಸ್ಯೆ ಏನಪ್ಪಾ ಅಂದ್ರೆ ಶುಕ್ರವಾರದೊಳಗೆ ಒಂದು ಫಾರಂ ತುಂಬಿ ಕೊಡಬೇಕು. ಅದರಲ್ಲಿ 'ಜಾನರ್' ಅಂತ ಒಂದು ಕಾಲಮ್ಮು ಇದೆ. ಗುಂಪಿನಲ್ಲಿ ಇಬ್ಬರಿಗೆ ಹಾರರ್ ಬೇಕು, ಒಬ್ಬನಿಗೆ ಥ್ರಿಲ್ಲರ್, ಒಬ್ಬಳಿಗೆ ಲವ್ ಸ್ಟೋರಿ.

"ನಿಂಗೆ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಿಧಾನವಾಗಿ ಹೇಳಿದ. ಅವನ ಪಿಜಿಯಲ್ಲಿ ಅಡುಗೆ ಮಾಡೋರು ಒಬ್ಬರಿದ್ದಾರಂತೆ. ರಾಯಚೂರಿನ ಕಡೆಯವರು. ದಿನಾ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಮೆಟ್ಟಿಲ ಮೇಲೆ ಕೂತು ಊರಲ್ಲಿರೋ ಮಗಳಿಗೆ ಫೋನ್ ಮಾಡಿ ಅವಳ ಹೋಂವರ್ಕು ಓದಿಸ್ತಾರಂತೆ. ಅವಳು ಓದ್ತಾಳೆ, ಇವರು 'ಹೂಂ, ಮುಂದ?' ಅಂತಾರೆ. ತಪ್ಪಾದ ಕಡೆ 'ಇನ್ನೊಮ್ಮಿ ಓದು' ಅಂತಾರೆ. ಆರು ತಿಂಗಳು ಕೇಳಿಸಿಕೊಂಡ ಮೇಲೆ ಇವನಿಗೆ ಗೊತ್ತಾಗಿದ್ದು, ಅವರಿಗೆ ಓದೋಕೆ ಬರೋದಿಲ್ಲ ಅಂತ. ಅವಳ ದನಿ ಎಲ್ಲಿ ತಡವರಿಸುತ್ತೋ ಅಲ್ಲಿ 'ಇನ್ನೊಮ್ಮಿ' ಅಂತಾರೆ, ಅಷ್ಟೆ.

"ಇದನ್ನೇ ಮಾಡಬೇಕು ಅಂತ ಇದೆ ಮಾಮ. ಆದ್ರೆ ಇದು ಯಾವ ಜಾನರ್? ಫ್ರೆಂಡ್ಸ್ ಎಲ್ಲ ಇದ್ರಲ್ಲಿ ಏನೂ ಇಲ್ಲ ಅಂತಿದಾರೆ. ಹಾರರ್ ಆದ್ರೆ ಜನ ನೋಡ್ತಾರೆ ಅಂತಾರೆ. ಅದೂ ನಿಜ ಅನ್ಸತ್ತೆ."

ನನಗೂ ತಕ್ಷಣಕ್ಕೆ ಏನೂ ಹೊಳೀಲಿಲ್ಲ. 'ಎರಡು ದಿನ ಟೈಮ್ ಕೊಡೋ' ಅಂತ ಫೋನಿಟ್ಟೆ. ಇಟ್ಟ ಮೇಲೆ ಒಂದು ಯೋಚನೆ ಬಂತು. ಈಗ ದೊಡ್ಡ ಹೆಸರು ಮಾಡಿದೋರು ವಿದ್ಯಾರ್ಥಿಗಳಾಗಿದ್ದಾಗ ಈ ಕಾಲಮ್ಮಲ್ಲಿ ಏನು ತುಂಬಿದ್ರು? ಯಾಕೆ ತುಂಬಿದ್ರು? ಎರಡು ದಿನ ಅದನ್ನೇ ಹುಡುಕ್ತಾ, ಹಳೇದನ್ನ ನೆನಪು ಮಾಡ್ಕೊಳ್ತಾ ಕೂತೆ. ಸಿಕ್ಕಿದ್ದನ್ನ ನಿಮ್ಮ ಜೊತೆನೂ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಿದೆ, ಕಾಫಿ ಇಟ್ಕೊಂಡು ಕೂತ್ಕೊಳಿ.

*

ಮೊದಲು ಈ 'ಪ್ರಕಾರ' ಅನ್ನೋದು ಏನು? ಯಕ್ಷಗಾನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬಣ್ಣದ ವೇಷ ತೆರೆಯ ಹಿಂದೆ ಬಂದು ನಿಂತು ಆರ್ಭಟ ಕೊಟ್ಟ ಕೂಡಲೇ, ಒಂದು ಮಾತೂ ಆಡದೇ ಇದ್ದರೂ, ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿಕೊಳ್ತಾರೆ. ಹಾಸ್ಯಗಾರ ಬರೀ ನಡೆದುಕೊಂಡು ಬಂದರೆ ಸಾಕು, ನಗು ಶುರು. ವೇಷ ನೋಡಿದ ಕೂಡಲೇ ಮುಂದೆ ಏನನ್ನ ನಿರೀಕ್ಷೆ ಮಾಡಬೇಕು ಅನ್ನೋದು ನೋಡುವವನಿಗೆ ಗೊತ್ತಾಗುತ್ತೆ. ಸಿನಿಮಾದ ಪ್ರಕಾರವೂ ಇಂಥದ್ದೇ ಒಂದು ವೇಷ. ಹಾಲಿವುಡ್ಡಿನ ಸ್ಟುಡಿಯೋಗಳು 1930ರ ದಶಕದಲ್ಲಿ ಇದನ್ನೇ ಕಾರ್ಖಾನೆ ಥರ ನಡೆಸಿದವು. ಕೌಬಾಯ್ ಚಿತ್ರ, ಗ್ಯಾಂಗ್‌ಸ್ಟರ್ ಚಿತ್ರ, ಹಾಡು ಕುಣಿತದ ಚಿತ್ರ, ದೆವ್ವದ ಚಿತ್ರ. ಒಮ್ಮೆ ಕಟ್ಟಿದ ಸೆಟ್ಟು, ಒಮ್ಮೆ ಹೊಲಿಸಿದ ಬಟ್ಟೆ ಹತ್ತು ಚಿತ್ರಕ್ಕೆ ಆಗುತ್ತಿತ್ತು. ಟಿಕೆಟ್ ತಗೊಳ್ಳೋನಿಗೂ ತಾನು ಯಾವುದಕ್ಕೆ ದುಡ್ಡು ಕೊಡ್ತಿದೀನಿ ಅನ್ನೋದು ಗೊತ್ತಿರ್ತಿತ್ತು.

ಆದರೆ ವಿದ್ಯಾರ್ಥಿಯ ಹತ್ತಿರ ಸೆಟ್ಟೂ ಇಲ್ಲ, ಟಿಕೆಟ್ ತಗೊಳ್ಳೋನೂ ಇಲ್ಲ. ಹಾಗಾದರೆ ಅವನು ಏನನ್ನ ನೋಡಿ ಆರಿಸಬೇಕು?

ಜಗತ್ತಿನ ಮೊದಲ ಸಿನಿಮಾ ಶಾಲೆ ಶುರುವಾಗಿದ್ದು 1919ರಲ್ಲಿ, ಮಾಸ್ಕೋದಲ್ಲಿ. ಮುಂದೆ ವಿಜಿಐಕೆ ಅಂತ ಹೆಸರಾಯ್ತು. ಕ್ರಾಂತಿ ಆಗಿ ಎರಡು ವರ್ಷ, ದೇಶದ ತುಂಬ ಅಂತರ್ಯುದ್ಧ, ತಿನ್ನೋಕೇ ಇಲ್ಲ. ಇನ್ನು ಫಿಲ್ಮ್ ಎಲ್ಲಿಂದ ಬರಬೇಕು? ಅಲ್ಲಿ ಪಾಠ ಮಾಡ್ತಿದ್ದ ಲೆವ್ ಕುಲೆಶೋವ್‌ಗೆ ಆಗಿನ್ನೂ ಇಪ್ಪತ್ತರ ಆಸುಪಾಸು. ಅವನ ವಿದ್ಯಾರ್ಥಿಗಳು ಮಾಡಿದ್ದು 'ಫಿಲ್ಮಿಲ್ಲದ ಫಿಲ್ಮು'ಗಳನ್ನ! ಕ್ಯಾಮೆರಾದಲ್ಲಿ ರೀಲು ಇಲ್ಲ, ಆದರೂ ಶಾಟ್ ಶಾಟ್ ಆಗಿ ವಿಂಗಡಿಸಿ ವೇದಿಕೆ ಮೇಲೆ ಅಭಿನಯಿಸೋದು. ಹೀಗೆ ಕಲಿತವರಲ್ಲಿ ಪುದೋವ್ಕಿನ್ ಕೂಡ ಒಬ್ಬ. ಅಂದರೆ ಸಿನಿಮಾ ಶಾಲೆ ಅನ್ನೋ ಕಲ್ಪನೆಯೇ ಹುಟ್ಟಿದ್ದು ಕೊರತೆಯ ಹೊಟ್ಟೆಯಲ್ಲಿ. ನಮ್ಮ ಹುಡುಗನ 40 ಸಾವಿರ ಆ ಲೆಕ್ಕದಲ್ಲಿ ಶ್ರೀಮಂತಿಕೆಯೇ ಸೈ.

*

ಅದೇ ಶಾಲೆಗೆ 1954ರಲ್ಲಿ ಸೇರಿದ ಇನ್ನೊಬ್ಬ ಹುಡುಗ ಆಂದ್ರೇ ತಾರ್ಕೋವ್‌ಸ್ಕಿ. 'ಸ್ಟಾಕರ್', 'ಮಿರರ್' ನೋಡಿ ತಲೆ ಕೆರೆದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀವಿ, ಮುಜುಗರ ಬೇಡ :) ಅಂಥವನ ಮೊದಲ ವಿದ್ಯಾರ್ಥಿ ಚಿತ್ರ ಯಾವುದು ಗೊತ್ತಾ? ಅಮೆರಿಕದ ಕ್ರೈಮ್ ಕಥೆ! ಹೆಮಿಂಗ್ವೇಯ 'ದಿ ಕಿಲ್ಲರ್ಸ್'. 1956ರಲ್ಲಿ ಇಬ್ಬರು ಸಹಪಾಠಿಗಳ ಜೊತೆ ಸೇರಿ ಮಾಡಿದ್ದು. ಸುಮಾರು 19 ನಿಮಿಷ. ಒಬ್ಬನನ್ನ ಕೊಲ್ಲೋಕೆ ಇಬ್ಬರು ಬಾಡಿಗೆ ಹಂತಕರು ಒಂದು ಹೋಟೆಲ್ಲಿಗೆ ಬಂದು ಕಾಯೋ ಕಥೆ. ಮಾಸ್ಕೋದಲ್ಲಿ ಅಮೆರಿಕದ ಬಾರು ಎಲ್ಲಿ ಸಿಗಬೇಕು? ಮನೆಗಳಿಂದ, ಸ್ನೇಹಿತರಿಂದ ಸಾಮಾನು ತಂದು ಶಾಲೆಯಲ್ಲೇ ಬಾರು ಕಟ್ಟಿದರು. ತಾರ್ಕೋವ್‌ಸ್ಕಿ ತಾನೇ ಒಂದು ಸಣ್ಣ ಪಾತ್ರ ಮಾಡಿ ಸಿಳ್ಳೆ ಹೊಡೆದ.

ಅಮೆರಿಕವನ್ನೇ ನೋಡದ ಹುಡುಗರು ಇದನ್ನ ಯಾಕೆ ಆರಿಸಿದರು? ಸ್ಟಾಲಿನ್ ಸತ್ತು ಮೂರು ವರ್ಷ ಆಗಿತ್ತು, ಗಾಳಿ ಸ್ವಲ್ಪ ಸಡಿಲ ಆಗಿತ್ತು, ಹೊರಗಿನ ಪುಸ್ತಕ ಕೈಗೆ ಬರ್ತಿದ್ದವು. ಇದು ಒಂದು ಕಾರಣ. ಇನ್ನೊಂದು ತೀರಾ ಪ್ರಾಯೋಗಿಕ. ಕಥೆಯಲ್ಲಿ ಇರೋದು ಮುಖ್ಯವಾಗಿ ಒಂದು ಹೋಟೆಲ್ಲು, ಒಂದು ರೂಮು. ಕಥೆಯ ಜೀವ ಇರೋದು ಕಾಯೋದರಲ್ಲಿ. ಕಾಯೋದನ್ನ ಚಿತ್ರಿಸೋಕೆ ದುಡ್ಡು ಬೇಕಿಲ್ಲ ನೋಡಿ. ಮುಂದೆ ಇಡೀ ಜೀವನ ತಾರ್ಕೋವ್‌ಸ್ಕಿ ಮಾಡಿದ್ದೂ ಒಂದು ರೀತಿ ಅದನ್ನೇ. ಕಾಲ ಸರಿಯೋದನ್ನ ತೆರೆ ಮೇಲೆ ಹಿಡಿಯೋದು. ಕ್ರೈಮ್ ಕಥೆಯ ವೇಷದೊಳಗೆ ಆಗಲೇ ಅವನ ಸ್ವಂತದ್ದು ಹೊಕ್ಕಿತ್ತು.

ಇನ್ನೂ ಸ್ವಾರಸ್ಯ ಇರೋದು ಅವನ ಡಿಪ್ಲೊಮಾ ಚಿತ್ರದಲ್ಲಿ. 1960ರ 'ದಿ ಸ್ಟೀಮ್‌ರೋಲರ್ ಅಂಡ್ ದಿ ವಯೊಲಿನ್'. ಪ್ರಕಾರ? ಮಕ್ಕಳ ಚಿತ್ರ! ಮೋಸ್‌ಫಿಲ್ಮ್‌ನಲ್ಲಿ ಮಕ್ಕಳ ಚಿತ್ರಗಳಿಗೇ ಅಂತ ಒಂದು ವಿಭಾಗ ಇತ್ತು, ಅಲ್ಲಿ ಹೊಸಬರಿಗೆ ಅವಕಾಶ ಇತ್ತು. ಫ್ರಾನ್ಸಿನ 'ದಿ ರೆಡ್ ಬಲೂನ್' (1956) ಬಂದು ಎಲ್ಲರ ಮನಸ್ಸಲ್ಲೂ ಕೂತಿತ್ತು. ಇವನ ಕಥೆ ಇಷ್ಟೇ. ವಯೊಲಿನ್ ಕಲಿಯೋ ಒಬ್ಬ ಪುಟ್ಟ ಹುಡುಗ, ರಸ್ತೆಗೆ ರೋಲರ್ ಹೊಡೆಯೋ ಒಬ್ಬ ಕೆಲಸಗಾರ, ಇವರಿಬ್ಬರ ಒಂದು ದಿನದ ಗೆಳೆತನ. ಸಂಜೆ ಇಬ್ಬರೂ ಸೇರಿ ಸಿನಿಮಾಗೆ ಹೋಗೋಣ ಅಂತ ಮಾತಾಗಿರುತ್ತೆ. ಹುಡುಗನ ಅಮ್ಮ ಬಿಡೋದಿಲ್ಲ. ಮುಗೀತು.

ಮಕ್ಕಳ ಚಿತ್ರ ಅಂದರೆ ಕಡಿಮೆ ದರ್ಜೆಯದ್ದು ಅಂತ ಅವನು ಮೂಗು ಮುರಿಯಲಿಲ್ಲ. ಮಕ್ಕಳ ಕಣ್ಣಿಂದ ನೋಡೋದಾದರೆ ರಸ್ತೆ ಮೇಲೆ ನಿಂತ ನೀರು, ಕನ್ನಡಿಯಲ್ಲಿ ಮುರಿದ ಬೆಳಕು ಎಲ್ಲವನ್ನೂ ಧಾರಾಳವಾಗಿ ತೋರಿಸಬಹುದು, ಯಾರೂ 'ಇದ್ಯಾಕೆ' ಅಂತ ಕೇಳೋದಿಲ್ಲ. ಇದು ನನ್ನ ಊಹೆ, ಆದರೆ ಚಿತ್ರ ನೋಡಿದರೆ ನಿಮಗೂ ಹಾಗೇ ಅನ್ನಿಸಬಹುದು. 1961ರಲ್ಲಿ ಅದಕ್ಕೆ ನ್ಯೂಯಾರ್ಕಿನ ವಿದ್ಯಾರ್ಥಿ ಚಿತ್ರೋತ್ಸವದಲ್ಲಿ ಮೊದಲ ಬಹುಮಾನ ಬಂತು. ಮರು ವರ್ಷ 'ಇವಾನ್ಸ್ ಚೈಲ್ಡ್‌ಹುಡ್'ಗೆ ವೆನಿಸ್ಸಿನಲ್ಲಿ ಚಿನ್ನದ ಸಿಂಹ. ಅಲ್ಲೂ ನಾಯಕ ಒಬ್ಬ ಹುಡುಗನೇ, ಆದರೆ ಯುದ್ಧದ ನಡುವೆ. ಕ್ಯಾಮೆರಾ ಹಿಡಿದಿದ್ದೂ ಅದೇ ವಾದಿಮ್ ಯೂಸೊವ್.

*

ಈಗ ಅಮೆರಿಕಕ್ಕೆ ಹೋಗೋಣ. ಲಾಸ್ ಏಂಜಲೀಸಿನ ಯುಎಸ್‌ಸಿ, 1967. ಅಲ್ಲಿ ಜಾರ್ಜ್ ಲೂಕಸ್ ಅನ್ನೋ ಹುಡುಗ ಓದೋದರ ಜೊತೆಗೆ ನೌಕಾಪಡೆಯ ಕ್ಯಾಮೆರಾಮನ್‌ಗಳಿಗೆ ಪಾಠ ಹೇಳೋ ಕೆಲಸ ಮಾಡ್ತಿದ್ದ. ಬೇರೆ ವಿದ್ಯಾರ್ಥಿಗಳು ಫಿಲ್ಮ್‌ಗೆ ಒದ್ದಾಡ್ತಿದ್ದಾಗ ನೌಕಾಪಡೆಯವರ ಹತ್ತಿರ ಕಲರ್ ಫಿಲ್ಮು ಇತ್ತು, ಕೆಲಸಕ್ಕೆ ಜನ ಇದ್ದರು. ಲೂಕಸ್ ಆ ತರಗತಿಯನ್ನೇ ತನ್ನ ಚಿತ್ರತಂಡ ಮಾಡ್ಕೊಂಡ. ಶಿಸ್ತಿನ ಸಿಪಾಯಿಗಳು ಬೇರೆ, ಹೇಳಿದ ಟೈಮಿಗೆ ಬರ್ತಿದ್ದರು :)

ಚಿತ್ರದ ಹೆಸರು 'ಎಲೆಕ್ಟ್ರಾನಿಕ್ ಲ್ಯಾಬಿರಿಂತ್: ಟಿಎಚ್ಎಕ್ಸ್ 1138 4ಇಬಿ'. 15 ನಿಮಿಷ. ಪ್ರಕಾರ ವೈಜ್ಞಾನಿಕ ಕಥೆ. ಕ್ಯಾಮೆರಾಗಳ ಕಣ್ಗಾವಲಿನ ಮುಂದಿನ ಶತಮಾನದಿಂದ ಒಬ್ಬ ತಪ್ಪಿಸಿಕೊಂಡು ಓಡ್ತಾನೆ. ಅಷ್ಟೇ ಕಥೆ. ಗಗನನೌಕೆ ಇಲ್ಲ, ಬೇರೆ ಗ್ರಹ ಇಲ್ಲ. ವಿಮಾನ ನಿಲ್ದಾಣದ ಓಣಿಗಳು, ಕಾರು ನಿಲ್ಲಿಸೋ ನೆಲಮಾಳಿಗೆ, ಕಂಪ್ಯೂಟರ್ ಕೋಣೆ. ಅಲ್ಲೇ ಇದ್ದ ಜಾಗಗಳನ್ನ ಹೀಗಲ್ಲ ಹಾಗೆ ನೋಡಿದ, ಭವಿಷ್ಯ ಬಂದುಬಿಡ್ತು. ರಾಷ್ಟ್ರೀಯ ವಿದ್ಯಾರ್ಥಿ ಚಿತ್ರೋತ್ಸವದಲ್ಲಿ ಅದಕ್ಕೆ ಬಹುಮಾನ ಬಂತು.

ಆದರೆ ಕಥೆ ಅಲ್ಲಿಗೇ ಸುಖಾಂತ್ಯ ಆಗಲಿಲ್ಲ. ಅದನ್ನೇ ಹಿಗ್ಗಿಸಿ 1971ರಲ್ಲಿ ಪೂರ್ಣಾವಧಿ ಚಿತ್ರ ಮಾಡಿದ. ಓಡಲಿಲ್ಲ. ಆಗ ಗೆಳೆಯ ಕೊಪ್ಪೊಲಾ, ನೀನು ಬೆಚ್ಚಗಿನದ್ದು, ನಗು ಇರೋದು ಏನಾದ್ರೂ ಬರಿ ನೋಡೋಣ ಅಂತ ಸವಾಲು ಹಾಕಿದ. ಲೂಕಸ್ ಹೋಗಿದ್ದು ತನ್ನ ಸ್ವಂತ ಊರು ಮೊಡೆಸ್ಟೋಗೆ. ಪಿಯುಸಿ ಮುಗಿಸಿದ ವಯಸ್ಸಿನ ಹುಡುಗರು ಒಂದು ರಾತ್ರಿ ಇಡೀ ಕಾರಲ್ಲಿ ಊರು ಸುತ್ತೋ ಕಥೆ, 'ಅಮೆರಿಕನ್ ಗ್ರಾಫಿಟಿ' (1973). ಅದು ಓಡಿತು. 'ಸ್ಟಾರ್ ವಾರ್ಸ್' (1977) ಬಂದದ್ದು ಅದರ ನಂತರ. ಅಂದರೆ ಗಗನನೌಕೆ ಹತ್ತೋ ಮೊದಲು ಅವನೂ ಒಮ್ಮೆ ಮನೆಗೆ ಹೋಗಿ ಬರಬೇಕಾಯ್ತು.

ಅದೇ ಯುಎಸ್‌ಸಿಯ ಇನ್ನೊಂದು ಕಥೆ ನನಗೆ ಇನ್ನೂ ಇಷ್ಟ. 1970ರಲ್ಲಿ ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಓಬ್ಯಾನನ್ ಅನ್ನೋ ಇಬ್ಬರು ಹುಡುಗರು 'ಡಾರ್ಕ್ ಸ್ಟಾರ್' ಅನ್ನೋ ಚಿತ್ರ ಶುರು ಮಾಡಿದರು. ಗಗನನೌಕೆಯಲ್ಲಿ ವರ್ಷಾನುಗಟ್ಟಲೆ ಕೂತು ಬೇಸತ್ತ ನಾಲ್ಕು ಜನ, ಅವರ ಜೊತೆ ಒಂದು ಅನ್ಯಗ್ರಹದ ಪ್ರಾಣಿ. ದುಡ್ಡಿಲ್ಲ. ಹಾಗಾಗಿ ಆ ಪ್ರಾಣಿ ಅಂದರೆ ಸಮುದ್ರ ದಂಡೆಯಲ್ಲಿ ಮಕ್ಕಳು ಆಡೋ ಗಾಳಿ ತುಂಬಿದ ಚೆಂಡು! ಅದಕ್ಕೆ ಬಣ್ಣ ಬಳಿದು, ಕೆಳಗೆ ಎರಡು ಪಂಜ ಸಿಕ್ಕಿಸಿದ್ದು. ಇದನ್ನ ನೋಡಿ ಯಾರು ಹೆದರ್ತಾರೆ? ಹಾಗಾಗಿ ಚಿತ್ರ ಹಾಸ್ಯವಾಯ್ತು. ಆಮೇಲೆ ಹೊರಗಿನವರು ದುಡ್ಡು ಹಾಕಿ, ಉದ್ದ ಮಾಡಿ, 1974ರಲ್ಲಿ ಥಿಯೇಟರಿಗೆ ಬಂತು. ಒಟ್ಟು ಖರ್ಚು ಸುಮಾರು 60 ಸಾವಿರ ಡಾಲರ್. ಜನ ಅಷ್ಟಾಗಿ ನಗಲಿಲ್ಲ.

ಓಬ್ಯಾನನ್‌ಗೆ ಇದು ಒಳಗೊಳಗೇ ಕುಟುಕ್ತಾ ಇತ್ತು. ನಗಿಸೋಕಾಗದಿದ್ದರೆ ಹೆದರಿಸೋಕಾದರೂ ಆಗಬಹುದಲ್ಲ ಅಂತ ಯೋಚಿಸಿದ. ಅದೇ ಗಗನನೌಕೆ, ಅದೇ ಬೇಸತ್ತ ಕೆಲಸಗಾರರು, ಒಳಗೆ ಸೇರಿಕೊಂಡ ಅದೇ ಒಂದು ಪ್ರಾಣಿ. ಈ ಸಲ ಗಂಭೀರವಾಗಿ ಬರೆದ. ಅದು 1979ರ 'ಏಲಿಯನ್'. ಇಡೀ ಜಗತ್ತೇ ಕುರ್ಚಿಯ ಕೈ ಹಿಡ್ಕೊಂಡು ನೋಡಿದ ಚಿತ್ರ.

ಇದನ್ನ ಓದಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯ್ತು. ಕಥೆ ಬೇರೆ, ಪ್ರಕಾರ ಬೇರೆ. ಒಂದೇ ಕಥೆಗೆ ಹಾಸ್ಯಗಾರನ ವೇಷನೂ ಹಾಕಬಹುದು, ಬಣ್ಣದ ವೇಷನೂ ಹಾಕಬಹುದು. ನಮ್ಮ ಹುಡುಗರು ಮಾಡ್ತಿರೋ ತಪ್ಪು ಏನು ಅಂದರೆ, ಮೊದಲು ವೇಷ ಹಾಕ್ಕೊಂಡು ಆಮೇಲೆ ಪ್ರಸಂಗ ಹುಡುಕ್ತಿದಾರೆ.

*

ಹಾಗಂತ ಹಾರರ್ ಬೇಕು ಅನ್ನೋ ಹುಡುಗರನ್ನ ಬೈಯೋ ಹಾಗಿಲ್ಲ. ಅವರ ಲೆಕ್ಕಕ್ಕೆ ಇತಿಹಾಸದ ಬಲ ಇದೆ. ದೊಡ್ಡ ನಟರಿಲ್ಲದೆ ಓಡೋ ಪ್ರಕಾರ ಅಂದರೆ ಅದು. ಕತ್ತಲಿದ್ದರೆ ಸೆಟ್ಟಿನ ಖರ್ಚು ಉಳಿಯುತ್ತೆ, ತೋರಿಸದೇ ಇದ್ದಷ್ಟೂ ಭಯ ಜಾಸ್ತಿ. ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಿದ ಇಬ್ಬರು ಗೆಳೆಯರು 1997ರಲ್ಲಿ ಮೂರು ಜನ ನಟರ ಕೈಗೇ ಕ್ಯಾಮೆರಾ ಕೊಟ್ಟು ಎಂಟು ದಿನ ಕಾಡಿಗೆ ಬಿಟ್ಟರು. ಅದೇ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' (1999). ಅದರೊಳಗಿನ ಕಥೆಯೂ ಸಿನಿಮಾ ವಿದ್ಯಾರ್ಥಿಗಳದ್ದೇ! ಕ್ಯಾಮೆರಾ ಅಲುಗಾಡಿದರೂ, ಫೋಕಸ್ ತಪ್ಪಿದರೂ ಅದೇ ಕಥೆಯ ಭಾಗ. ಬಡತನವನ್ನ ಮುಚ್ಚಿಡೋ ಬದಲು ಅದನ್ನೇ ಶೈಲಿ ಮಾಡಿದರು. ಗಳಿಕೆ 24 ಕೋಟಿ ಡಾಲರ್ ದಾಟಿತು. ಅದೇ ದಾರಿಯಲ್ಲಿ ಕನ್ನಡದಲ್ಲೂ 2013ರಲ್ಲಿ '6-5=2' ಬಂದು ಚೆನ್ನಾಗಿ ಓಡಿದ್ದು ನಿಮಗೆ ನೆನಪಿರಬಹುದು.

ಆದರೆ ಒಂದು ಮಾತು. ಅದು ಗೆದ್ದಿದ್ದು ಹಾರರ್ ಆಗಿದ್ದಕ್ಕೆ ಮಾತ್ರ ಅಲ್ಲ. ಕಾಡಲ್ಲಿ ದಾರಿ ತಪ್ಪಿದ ಮೂವರು ಹುಡುಗರ ಜಗಳ, ಹಸಿವು, ಅಳು ನಿಜವಾಗಿತ್ತು. ಆಮೇಲೆ ಅದನ್ನ ನೋಡಿ ಕ್ಯಾಮೆರಾ ಅಲುಗಾಡಿಸಿದವರು ಎಷ್ಟು ಜನ ಆಗಿಹೋದರು. ಅವರ ಹೆಸರು ನಮಗೆ ಯಾರಿಗಾದರೂ ನೆನಪಿದೆಯಾ?

*

ಈಗ ನಮ್ಮ ಕಡೆಗೆ ಬರ್ತೀನಿ. ಪುಣೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯ್ತು. ಅಲ್ಲಿ ಋತ್ವಿಕ್ ಘಟಕ್ ಕೈಕೆಳಗೆ ಕಲಿತವರು ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ. (ಕ್ಯಾಮೆರಾ ಕಲಿಯೋಕೆ ನಮ್ಮ ಬೆಂಗಳೂರೇ ಇತ್ತು ಅನ್ನೋದನ್ನೂ ಹೆಮ್ಮೆಯಿಂದ ಹೇಳ್ಬಿಡ್ತೀನಿ. ಗುರುದತ್ತರ ಕ್ಯಾಮೆರಾಮನ್ ವಿ.ಕೆ. ಮೂರ್ತಿ, ಆಮೇಲೆ ಗೋವಿಂದ ನಿಹಲಾನಿ, ಇಬ್ಬರೂ ಎಸ್‌ಜೆಪಿಯಲ್ಲಿ ಕಲಿತವರು.)

ಆ ಕಾಲದ ವಿದ್ಯಾರ್ಥಿಗೆ ಸಾವಿರ ಅಡಿಯ 35 ಎಂಎಂ ರೀಲು ಅಂದರೆ ಬರೀ 11 ನಿಮಿಷ. ತಪ್ಪಾದರೆ ಅಳಿಸೋ ಹಾಗಿಲ್ಲ. ಇದನ್ನ ತಲೇಲಿಟ್ಕೊಂಡೇ ಕಥೆ ಆರಿಸಬೇಕಿತ್ತು. ಹತ್ತು ಟೇಕ್ ಬೇಡುವ ಹೊಡೆದಾಟ, ಓಟ ಇವೆಲ್ಲ ಅಲ್ಲಿ ಐಷಾರಾಮ.

ಆ ಪುಣೆಗೆ ತೀರ್ಥಹಳ್ಳಿ ಕಡೆಯ ಕೆಸಲೂರಿನ ಒಬ್ಬ ಹುಡುಗ ಹೋದರು. ಮಣಿಪಾಲದಲ್ಲಿ ಫಾರ್ಮಸಿ ಓದಿದವರು. ಮಾತ್ರೆ, ಔಷಧಿ ಬಿಟ್ಟು ಸಿನಿಮಾ ಅಂತ ಹೊರಟಾಗ ಮನೆಯಲ್ಲಿ ಏನಂದಿರಬಹುದು ಅಂತ ಊಹಿಸಿ. ಗಿರೀಶ್ ಕಾಸರವಳ್ಳಿ. ಅವರ ಡಿಪ್ಲೊಮಾ ಚಿತ್ರ 'ಅವಶೇಷ್'ಗೆ ರಾಷ್ಟ್ರಪ್ರಶಸ್ತಿಯೇ ಬಂತು. 1975ರಲ್ಲಿ ಕೋರ್ಸು ಮುಗೀತು. ಅದೇ ಹೊತ್ತಿಗೆ ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಸಹಾಯಕರಾಗಿ ದುಡಿದರು. 1977ರಲ್ಲಿ, ಇನ್ನೂ ಮೂವತ್ತೂ ತುಂಬದ ವಯಸ್ಸಿನಲ್ಲಿ, ಅನಂತಮೂರ್ತಿಯವರ ಕಥೆ ತಗೊಂಡು 'ಘಟಶ್ರಾದ್ಧ' ಮಾಡಿದರು. ಸ್ವರ್ಣಕಮಲ ಬಂತು. ಅದು 'ಯಾವ ಜಾನರ್' ಅಂತ ಯಾರಾದರೂ ಕೇಳಿದ್ದರೆ ಏನು ಹೇಳಬಹುದಿತ್ತು? ಮಲೆನಾಡಿನ ಒಂದು ವೇದಪಾಠಶಾಲೆ, ಒಬ್ಬ ಪುಟ್ಟ ಮಾಣಿ, ಒಬ್ಬ ವಿಧವೆ. ತಾವು ಹುಟ್ಟಿ ಬೆಳೆದ ನೆಲದ ಕತ್ತಲು ಬೆಳಕನ್ನ ಕಪ್ಪು ಬಿಳುಪಿನಲ್ಲಿ ತೋರಿಸಿದರು. ಕಾಲಮ್ಮಿಗೆ ಸಿಗೋ ಹೆಸರು ಅದಕ್ಕಿಲ್ಲ.

ಇಲ್ಲೊಂದು ಮಜಾ ಸಂಗತಿ. 2024ರಲ್ಲಿ 'ಘಟಶ್ರಾದ್ಧ'ವನ್ನ ಪುನರುಜ್ಜೀವನಗೊಳಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಕೆಲಸಕ್ಕೆ ದುಡ್ಡು ಕೊಟ್ಟಿದ್ದು ಯಾರು? ಹಾಬ್ಸನ್/ಲೂಕಸ್ ಫ್ಯಾಮಿಲಿ ಫೌಂಡೇಶನ್. ಹೌದು, ಅದೇ ಜಾರ್ಜ್ ಲೂಕಸ್ ಕುಟುಂಬದ್ದು! ಕಾರು ನಿಲ್ಲಿಸೋ ನೆಲಮಾಳಿಗೆಯಲ್ಲಿ ಭವಿಷ್ಯ ಕಂಡವನ ದುಡ್ಡು, ಅಗ್ರಹಾರದಲ್ಲಿ ಭೂತಕಾಲ ಕಂಡವರ ಚಿತ್ರ ಉಳಿಸೋಕೆ ಬಂತು. ಓದಿದಾಗ ನಾನಂತೂ ಕುರ್ಚಿಯಿಂದ ಎದ್ದೇ ಬಿಟ್ಟೆ.

ಅದೇ ವರ್ಷ ಮೇ ತಿಂಗಳಲ್ಲಿ ಇನ್ನೊಂದು ನಡೀತು, ನಿಮಗೆಲ್ಲ ಗೊತ್ತೇ ಇದೆ. ಮೈಸೂರಿನಲ್ಲಿ ಎಂಬಿಬಿಎಸ್ ಓದಿ, ಡಾಕ್ಟರ್ ಆಗಿ, ಆಮೇಲೆ ಪುಣೆಗೆ ಹೋದ ಚಿದಾನಂದ ಎಸ್. ನಾಯ್ಕ್ ಅವರ 'ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು' ಚಿತ್ರಕ್ಕೆ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ. ಲಾ ಸಿನೆಫ್ ಅಂದರೆ ವಿದ್ಯಾರ್ಥಿ ಚಿತ್ರಗಳ ವಿಭಾಗ. ಆ ವರ್ಷ 555 ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆಯ್ಕೆಯಾಗಿದ್ದು 18. ಅದರಲ್ಲಿ ಮೊದಲನೆಯದು ಒಂದು ಕನ್ನಡ ಚಿತ್ರ! 16 ನಿಮಿಷ. ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಚಿತ್ರ, ನಾಲ್ಕೇ ದಿನದಲ್ಲಿ ಶೂಟಿಂಗ್ ಮುಗಿಸಿದ್ದು.

ಕಥೆ ಏನು? ಒಬ್ಬ ಅಜ್ಜಿ ಊರ ಹುಂಜವನ್ನ ಕದೀತಾಳೆ. ಸೂರ್ಯ ಹುಟ್ಟೋದೇ ನಿಂತುಹೋಗುತ್ತೆ.

ಅರೇ, ಇದು ನಮ್ಮ ಅಜ್ಜಿ ಕೋಳಿ ಕಥೆ ಅಲ್ವಾ! ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗೋದು ಅಂತ ಜಂಭ ಪಟ್ಟು ಕೋಳಿ ಸಮೇತ ಊರು ಬಿಟ್ಟು ಹೋದ ಮುದುಕಿ. ನಾವೆಲ್ಲ ಅದನ್ನ ಕೇಳಿ ನಕ್ಕವರೇ. ಈಗಲೂ ಜಂಭದವರನ್ನ ಕಂಡರೆ 'ಅಜ್ಜಿ ಕೋಳಿ' ಅಂತ ಆಡ್ಕೋತೀವಿ. ಚಿದಾನಂದ್ ಮಾಡಿದ್ದು ಏನು ಅಂದರೆ, ಮುದುಕಿಯ ಮಾತು ನಿಜವೇ ಆಗಿಬಿಟ್ಟರೆ? ಅನ್ನೋ ಒಂದು ಪ್ರಶ್ನೆ ಹಾಕಿದ್ದು. ನಗೋಕೆ ಇದ್ದ ಕಥೆ ಕತ್ತಲಿನ ಕಥೆ ಆಯ್ತು. ಮತ್ತೆ ನೋಡಿ, ಸೂರ್ಯನೇ ಹುಟ್ಟದ ಊರು ಅಂದಮೇಲೆ ಪೂರ್ತಿ ರಾತ್ರಿಯಲ್ಲೇ ತೆಗೀಬಹುದು. ಕಥೆಗೆ ಬೇಕಾದ ಕತ್ತಲೂ, ವಿದ್ಯಾರ್ಥಿಗೆ ಅನುಕೂಲದ ಕತ್ತಲೂ ಒಂದೇ ಆಯ್ತು. ಇದನ್ನ ಮಾಡಬೇಡ ಅಂತ ತನಗೆ ಹೇಳಿದ್ದರು, ಆದರೆ ಇದು ಚಿಕ್ಕಂದಿನಿಂದ ಹೊತ್ಕೊಂಡು ಬಂದ ಕಥೆ ಅಂತ ಅವರೇ ಬಹುಮಾನದ ನಂತರ ಹೇಳಿಕೊಂಡಿದ್ದರು.

ಒಬ್ಬರು ಫಾರ್ಮಸಿ, ಇನ್ನೊಬ್ಬರು ಡಾಕ್ಟರ್. ನಡುವೆ ಹತ್ತಿರ ಹತ್ತಿರ ಐವತ್ತು ವರ್ಷ. ಇಬ್ಬರೂ ಪುಣೆಗೆ ಹೋಗಿ ಕೊನೆಗೆ ತೆಗೆದಿದ್ದು ಊರಿಂದ ಗಂಟು ಕಟ್ಟಿ ತಂದಿದ್ದನ್ನೇ.

*

ಇಷ್ಟೆಲ್ಲ ಬರೆದ ಮೇಲೆ ನನ್ನದೂ ಒಂದು ಹೇಳದಿದ್ದರೆ ಮೋಸ ಆಗುತ್ತೆ.

2004ರಲ್ಲಿ ನಾನೂ ಇಂಥದ್ದೇ ಒಂದು ಡಿಪ್ಲೊಮಾ ಮಾಡ್ತಿದ್ದೆ. ನಾಲ್ಕು ಜನ ಸೇರಿ ಒಂದು ಕಿರುಚಿತ್ರ ಮಾಡಬೇಕಿತ್ತು. ನಮ್ಮದು ಥ್ರಿಲ್ಲರ್. ಬ್ಲ್ಯಾಕ್‌ಮೇಲು, ಕೊಲೆ, ಒಂದು ಸೂಟ್‌ಕೇಸು. ರಕ್ತಕ್ಕೆ ಜೇನುತುಪ್ಪದಲ್ಲಿ ಕುಂಕುಮ ಕಲಸಿದ್ವಿ, ಇರುವೆ ಬಂದು ಹೆಣ ಎದ್ದು ಕೂತಿತ್ತು :) ಲೊಕೇಶನ್ನು ಸಾಗರದ ಹತ್ತಿರದ ನಮ್ಮ ಅಜ್ಜಿ ಮನೆ. ಪುಕ್ಕಟೆ ಊಟ, ಪುಕ್ಕಟೆ ಜಗುಲಿ.

ನಿಜ ಹೇಳಬೇಕು ಅಂದರೆ ನನಗೆ ಅಜ್ಜಿಯದ್ದೇ ಒಂದು ಚಿತ್ರ ಮಾಡಬೇಕು ಅಂತ ಇತ್ತು. ಅವಳಿಗೆ ರಾತ್ರಿ ನಿದ್ದೆ ಬರ್ತಿರಲಿಲ್ಲ. ಎರಡು ಗಂಟೆಗೆ ಎದ್ದು ಒಬ್ಬಳೇ ಜಗುಲಿಯಲ್ಲಿ ಕೂತು, ಲಿಂಗನಮಕ್ಕಿ ನೀರಿನಲ್ಲಿ ಮುಳುಗಿದ ತನ್ನ ತವರು ಮನೆಯ ಒಂದೊಂದೇ ಕೋಣೆಯನ್ನ ಹೆಸರು ಹೇಳಿ ಗುಡಿಸ್ತಿದ್ದಳು. ಬಾಯಲ್ಲೇ. 'ಈಗ ನಡುಮನೆ ಆತು, ಇನ್ನು ಹಿತ್ತಿಲ ಕಡೆ' ಅಂತ. ನಾನು ಗುಂಪಿನಲ್ಲಿ ಇದನ್ನ ಒಮ್ಮೆ ಬಾಯಿ ಬಿಟ್ಟೆ. 'ಅವಾರ್ಡ್ ಸಿನಿಮಾ ಮಾರಾಯ, ಯಾರು ನೋಡ್ತಾರೆ' ಅಂದರು. ಯಾವ ಪ್ರಕಾರ ಅಂತ ಕೇಳಿದರೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಸುಮ್ಮನಾದೆ.

ಶೂಟಿಂಗಿನ ಎರಡನೇ ದಿನ ಕೊಲೆಯ ದೃಶ್ಯ ನಡೀತಿತ್ತು. ಅಜ್ಜಿ ಹಿಂದಿನ ಬಾಗಿಲಿಂದ ಫ್ರೇಮಿಗೆ ಬಂದು, ಬಿದ್ದ ಹೆಣದ ಹತ್ತಿರ ಬಗ್ಗಿ, 'ಕಾಫಿ ಕುಡೀತ್ಯನಾ ಅಪ್ಪೀ?' ಅಂತ ಕೇಳಿದಳು. ಎಲ್ಲ ನಕ್ಕರು. ನಾನು ಮಾತ್ರ ಸಿಟ್ಟಲ್ಲಿ 'ಕಟ್' ಅಂತ ಕೂಗಿದೆ. ಟೇಪು ಹಿಂದಕ್ಕೆ ಓಡಿಸಿ, ಆ ಟೇಕಿನ ಮೇಲೇ ಇನ್ನೊಂದು ಟೇಕು ತೆಗೆದ್ವಿ. ಡಿವಿ ಟೇಪು ಉಳಿಸೋಕೆ.

ಅಜ್ಜಿ 2006ರಲ್ಲಿ ಹೋದಳು. ಅವಳ ಮದುವೆ ಫೋಟೋ ಇಲ್ಲ. ಅವಳ ದನಿ ಎಲ್ಲೂ ಇಲ್ಲ. ಆ ಥ್ರಿಲ್ಲರ್ ಸೀಡಿ ಮಾತ್ರ ನನ್ನ ಹತ್ತಿರ ಈಗಲೂ ಇದೆ. ಯಾರೂ ನೋಡಿಲ್ಲ, ನಾನೂ ಸೇರಿ.

*

ಮಂಗಳವಾರ ರಾತ್ರಿ ಹುಡುಗನಿಗೆ ಫೋನ್ ಮಾಡಿದೆ. ಇಷ್ಟೂ ಕಥೆ ಹೇಳಿದೆ, ಅಜ್ಜಿಯದ್ದೊಂದು ಬಿಟ್ಟು. ಅದನ್ನ ಹೇಳಿ ಅವನ ಮೇಲೆ ಹೊರೆ ಹೊರಿಸೋದು ಬೇಡ ಅನ್ನಿಸ್ತು. ಕೊನೆಗೆ ಇಷ್ಟು ಹೇಳಿದೆ.

"ನೋಡೋ, ಮೊದಲು ಹತ್ತಿರ ಏನಿದೆ ಅಂತ ನೋಡು. ಮೂರು ದಿನ ಕ್ಯಾಮೆರಾ, ಒಂದು ಪಿಜಿ ಮೆಟ್ಟಿಲು, ಒಂದು ಫೋನು. ಆಮೇಲೆ, ಬೇರೆ ಯಾರ ಹತ್ತಿರನೂ ಇಲ್ಲದ್ದು ನಿನ್ನ ಹತ್ತಿರ ಏನಿದೆ ನೋಡು. ಆರು ತಿಂಗಳು ಆ 'ಇನ್ನೊಮ್ಮಿ ಓದು' ಕೇಳಿಸಿಕೊಂಡವನು ನೀನೊಬ್ಬನೇ. ವೇಷ ಆಮೇಲೆ. ನಿನ್ನ ಫ್ರೆಂಡ್ಸ್ ಹೇಳೋದೂ ಪೂರ್ತಿ ಸುಳ್ಳಲ್ಲ. ಅವರಿಗೆ ಓದೋಕೆ ಬರಲ್ಲ ಅನ್ನೋದನ್ನ ಮೊದಲೇ ಹೇಳ್ಬೇಡ, ಮುಚ್ಚಿಡು. ನೋಡೋರು ಕಾಯಲಿ. ಥ್ರಿಲ್ಲರ್ ಮಾಡೋರು ಮಾಡೋದೂ ಅದೇ ತಾನೇ? ಆ ಥ್ರಿಲ್ಲರ್ ಹುಡುಗನನ್ನೇ ಕೂರಿಸ್ಕೊಂಡು ಸ್ಕ್ರಿಪ್ಟ್ ಬರಿ. ಮತ್ತೆ, ಮೊದಲು ಹೋಗಿ ಅವರ ಒಪ್ಪಿಗೆ ಕೇಳು. ಅದು ಅವರ ಬದುಕು. ಬೇಡ ಅಂದ್ರೆ ಬಿಟ್ಬಿಡು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಕಾಲಮ್ಮಲ್ಲಿ ಏನು ಬರೀಲಿ ಮಾಮ?"

"ಡ್ರಾಮಾ ಅಂತ ಬರಿ. ಏನೂ ತೋಚದಾಗ ಎಲ್ಲರೂ ಅದನ್ನೇ ಬರೆಯೋದು."

ನಕ್ಕ. 'ನೋಡ್ತೀನಿ' ಅಂದ. ನೋಡ್ತೀನಿ ಅಂದರೆ ನಮ್ಮ ಮನೆತನದಲ್ಲಿ ಎರಡೂ ಅರ್ಥ ಇದೆ, ಹಾಗಾಗಿ ಏನಾಗುತ್ತೋ ಗೊತ್ತಿಲ್ಲ.

ನಿಮ್ಮಲ್ಲೂ ಯಾರಾದರೂ ಕಾಲೇಜಿನಲ್ಲಿ ಸಿನಿಮಾನೋ ನಾಟಕನೋ ಮಾಡಿದ್ದರೆ, ಯಾವುದನ್ನ ಆರಿಸಿದ್ರಿ, ಯಾವುದನ್ನ ಬಿಟ್ರಿ, ಬಿಟ್ಟಿದ್ದು ಈಗಲೂ ಕಾಡುತ್ತಾ ಅಂತ ಬರೀರಿ. ಹುಡುಗನಿಗೆ ಓದಿಸ್ತೀನಿ. ಶುಕ್ರವಾರದೊಳಗೆ ಬರೆದರೆ ಇನ್ನೂ ಒಳ್ಳೇದು :)